ಅಪ್ಪಯ್ಯನ ತ್ರೈಮಾಸಿಕ ಪತ್ರಿಕೆ: ನಡೆಸುವುದಾ, ನಿಲ್ಲಿಸುವುದಾ? ಪೂರ್ತಿ ಲೆಕ್ಕ ಹಾಕಿದ್ದೇನೆ, ನೋಡಿ ಹೇಳಿ

ಪ್ರಶ್ನೆ: ಶಿರಸಿಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪಯ್ಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದರು. 2003ರ ಯುಗಾದಿಗೆ ಒಂದು ಸಾಹಿತ್ಯ ಪತ್ರಿಕೆ ಶುರು ಮಾಡಿದರು. ಮೂರು ತಿಂಗಳಿಗೊಂದು ಸಂಚಿಕೆ. ಕತೆ, ಕವಿತೆ, ಒಂದೆರಡು ವಿಮರ್ಶೆ, ಒಂದು ಅನುವಾದ. ಪತ್ರಿಕೆಯ ಹೆಸರು ಹೇಳುವುದಿಲ್ಲ, ಯಾಕೆಂದರೆ ಇಲ್ಲಿಗೆ ಚಂದಾ ಕೇಳಲು ಬಂದಿಲ್ಲ. ಹೋದ ಮಾರ್ಚ್‌ನಲ್ಲಿ ಅಪ್ಪಯ್ಯ ತೀರಿಕೊಂಡರು. ಅಷ್ಟು ಹೊತ್ತಿಗೆ 83 ಸಂಚಿಕೆ ಬಂದಿದ್ದವು. 84ನೆಯದಕ್ಕೆ ಆರಿಸಿಟ್ಟ ಬರಹಗಳು ಒಂದು ಹಸಿರು ಫೈಲಿನಲ್ಲಿವೆ. ಬರೆದ ಹನ್ನೊಂದು ಜನ ಕಾಯುತ್ತಿದ್ದಾರೆ. ಇಬ್ಬರು ಫೋನ್ ಮಾಡಿ, ನನ್ನ ದನಿ ಕೇಳಿದ ಮೇಲೆ ಕೇಳಬೇಕಾದ್ದನ್ನು ಕೇಳದೆ ಇಟ್ಟುಬಿಟ್ಟರು.

ನಾನು ಒಂದು ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಹಾಗಾಗಿ ಮೊದಲು ಲೆಕ್ಕವೇ ನೋಡಿದೆ. ಒಂದು ಸಂಚಿಕೆಗೆ 96 ಪುಟ, ಡೆಮಿ ಅಷ್ಟಮ ಆಕಾರ, 450 ಪ್ರತಿ. ಡಿಟಿಪಿಗೆ, ಅಂದರೆ ಟೈಪ್ ಮಾಡಿ ಪುಟ ಕಟ್ಟುವುದಕ್ಕೆ, ಪುಟಕ್ಕೆ 40 ರೂಪಾಯಿಯಂತೆ 3,840. ಕಾಗದ, ಅಚ್ಚು, ರಕ್ಷಾಪುಟ, ಬೈಂಡಿಂಗ್ ಸೇರಿ 26,500. ಅಂಚೆಯಲ್ಲಿ ಹೋಗುವ ಪ್ರತಿ 390. ಅಂಚೆ, ಕವರ್, ಲೇಬಲ್ ಸೇರಿ ಒಂದಕ್ಕೆ 15 ರೂಪಾಯಿ, ಒಟ್ಟು 5,850. ಬಸ್ಸಿಗೆ ಹಾಕುವ ಪಾರ್ಸೆಲ್, ಆಟೋ, ಫೋನು ಅಂತ 510. ಅಲ್ಲಿಗೆ ಒಂದು ಸಂಚಿಕೆಗೆ 36,700. ವರ್ಷಕ್ಕೆ 1,46,800.

ಬರುವುದು? ವಾರ್ಷಿಕ ಚಂದಾ 300 ರೂಪಾಯಿ. ಈ ವರ್ಷ ಕಟ್ಟಿದವರು 148 ಜನ. ಅದು 44,400. ಮೂರು ಪುಸ್ತಕದಂಗಡಿಗಳಲ್ಲಿ ಸಂಚಿಕೆಗೆ 40 ಪ್ರತಿ ಇಡುತ್ತೇವೆ. ಮುಖಬೆಲೆ 80, ಅಂಗಡಿಯವರ ಕಮಿಷನ್ ಕಳೆದು ನಮಗೆ 52. ವರ್ಷಕ್ಕೆ 70 ಪ್ರತಿ ಹೋದರೆ ಹೆಚ್ಚು, ಅಂದರೆ 3,640. ಹಿಂಬದಿ ರಕ್ಷಾಪುಟಕ್ಕೆ ಒಬ್ಬ ಅಡಿಕೆ ವ್ಯಾಪಾರಿಗಳು ಸಂಚಿಕೆಗೆ 4,000 ಕೊಡುತ್ತಾರೆ. ವರ್ಷಕ್ಕೆ 16,000. ಅಪ್ಪಯ್ಯನ ಹಳೇ ಶಿಷ್ಯರು ಅಷ್ಟಿಷ್ಟು ಅಂತ ಕೊಟ್ಟದ್ದು 12,000. ಎಲ್ಲ ಸೇರಿ 76,040. ಕೊರತೆ 70,760.

ಈ ಕೊರತೆ ಹೊಸದಲ್ಲ. ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು? ಅಪ್ಪಯ್ಯನ ಲೆಕ್ಕದ ಪುಸ್ತಕ ತೆಗೆದೆ. ಕೆಂಪು ರಟ್ಟಿನ ಉದ್ದ ನೋಟ್‌ಬುಕ್ಕು, ಒಟ್ಟು ನಾಲ್ಕು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಜಮಾ ಬದಿಯಲ್ಲಿ ಪ್ರತಿ ಸಂಚಿಕೆಗೂ ಒಂದು ಸಾಲು ಇದೆ: "ಹಿತೈಷಿಯೊಬ್ಬರಿಂದ". ಒಮ್ಮೆ 6,000, ಒಮ್ಮೆ 9,500, ಈಚೆಗೆ 18,000. ಈ ಹಿತೈಷಿ ಯಾರು ಅಂತ ಕೃತಜ್ಞತೆ ಹೇಳುವ ಸಲುವಾಗಿ ಹುಡುಕಿದೆ. ರಸೀದಿ ಪುಸ್ತಕದಲ್ಲಿ ಹೆಸರಿಲ್ಲ. ಕೊನೆಗೆ ಪಿಂಚಣಿ ಪಾಸ್‌ಬುಕ್ ಪಕ್ಕದಲ್ಲಿ ಇಟ್ಟು ನೋಡಿದೆ. ತಾರೀಕು ತಾಳೆಯಾಯಿತು. ಒಂದೆರಡು ಕಡೆ ಅಲ್ಲ, ನೋಡಿದ ಕಡೆಯಲ್ಲೆಲ್ಲ.

22 ವರ್ಷದ ಆ ಸಾಲುಗಳನ್ನು ಕೂಡಿದೆ. 8,36,500 ರೂಪಾಯಿ.

ಆಯಿಯನ್ನು, ಅಂದರೆ ಅಮ್ಮನನ್ನು, ಕೇಳಿದೆ. "ಗೊತ್ತಿತ್ತೇ ಕೂಸೇ" ಅಂದಳು. ಹಿಂಬದಿಯ ಮಾಡಿಗೆ ಹೊಸ ಹಂಚು ಹಾಕಿಸುವ ಮಾತು ನನ್ನ ಮದುವೆಗಿಂತ ಮೊದಲಿನಿಂದ ಇತ್ತು. ಇವತ್ತಿಗೂ ಮಳೆಗಾಲದಲ್ಲಿ ಅಲ್ಲಿ ಮೂರು ಪಾತ್ರೆ ಇಡುತ್ತೇವೆ. ಆಯಿ ಅದನ್ನು ದೂರಾಗಿ ಹೇಳಲಿಲ್ಲ. ಪತ್ರಿಕೆ ಬಂದ ದಿನ ಜಗಲಿಯಲ್ಲಿ ಮೈದಾ ಗೋಂದು ಕಾಸಿ ಕವರ್ ಅಂಟಿಸಿದವಳು ಅವಳೇ. ಪಕ್ಕದ ಮನೆ ಮಕ್ಕಳು ಪಿನ್‌ಕೋಡ್ ಬರೆಯುತ್ತಿದ್ದರು. ನಾನು ಊರುವಾರು ಕಟ್ಟು ಕಟ್ಟುತ್ತಿದ್ದೆ. ಧಾರವಾಡದ ಕಟ್ಟು ಯಾವಾಗಲೂ ದಪ್ಪ.

ಇನ್ನೊಂದು ವಿಷಯ ಹೇಳಬೇಕು. ಆಜೀವ ಸದಸ್ಯತ್ವ. 2005ರಿಂದ 2010ರವರೆಗೆ ತಲಾ 1,000 ರೂಪಾಯಿ ತೆಗೆದುಕೊಂಡು 190 ಜನರನ್ನು ಮಾಡಿದ್ದಾರೆ. 1,90,000 ಬಂತು. ಅದರಲ್ಲಿ ಒಂದು ಲಕ್ಷ ಬ್ಯಾಂಕಿನಲ್ಲಿ ಡಿಪಾಜಿಟ್ ಇಟ್ಟು ಬಡ್ಡಿಯಲ್ಲಿ ನಡೆಸುವ ಯೋಚನೆ ಇತ್ತು. 2011ರಲ್ಲಿ ಕಾಗದದ ಬಿಲ್ ಕಟ್ಟಲು ಆ ಡಿಪಾಜಿಟ್ ಮುರಿದಿದ್ದಾರೆ. ಈಗ 163 ಆಜೀವ ಪ್ರತಿ ಹೋಗುತ್ತಿವೆ. ಉಳಿದವು ಒಂದೊಂದಾಗಿ ವಾಪಸ್ ಬಂದವು. ಕವರಿನ ಮೇಲೆ ಅಂಚೆಯವರು "ವಿಳಾಸದಾರರು ಮೃತರಾಗಿದ್ದಾರೆ" ಅಂತ ಬರೆದಿರುತ್ತಾರೆ. ಅಪ್ಪಯ್ಯ ಆ ಕವರುಗಳನ್ನು ಬಿಸಾಡಿಲ್ಲ. ಒಂದು ದಾರ ಕಟ್ಟಿ ಇಟ್ಟಿದ್ದಾರೆ.

2023ರ ಜನವರಿಯಲ್ಲಿ ಹಾವೇರಿ ಸಮ್ಮೇಳನಕ್ಕೆ ಅಪ್ಪಯ್ಯನ ಜೊತೆ ಹೋಗಿದ್ದೆ. ಮೂರು ದಿನ ಮಳಿಗೆಯಲ್ಲಿ ಕೂತೆವು. ಹಳೇ ಸಂಚಿಕೆ 61 ಮಾರಾಟವಾದವು, ಒಂಬತ್ತು ಜನ ಚಂದಾ ಕೊಟ್ಟರು. ಬಂದವರಲ್ಲಿ ಜಾಸ್ತಿ ಜನ ಕೇಳಿದ್ದು ಒಂದೇ: "ನಮ್ಮದೊಂದು ಕವಿತೆ ಕಳಿಸಬಹುದಾ?" ಅಪ್ಪಯ್ಯ ಪ್ರತಿಯೊಬ್ಬರಿಗೂ ಕಳಿಸಿ ಅಂದರು. ನಿಮ್ಮ ವಿಳಾಸಕ್ಕೆ ಪತ್ರಿಕೆ ಬೇಕಾ ಅಂತ ಒಬ್ಬರನ್ನೂ ಕೇಳಲಿಲ್ಲ.

ನನ್ನ ಸಂಬಳದಲ್ಲಿ ವರ್ಷಕ್ಕೆ 70 ಸಾವಿರ ಹಾಕಲು ಆಗುವುದಿಲ್ಲ. ಮಗ ಪಿಯುಸಿಯಲ್ಲಿದ್ದಾನೆ. ಆದರೆ ಆ ಹಸಿರು ಫೈಲು ಮುಚ್ಚಿಡಲು ಮನಸ್ಸು ಬರುತ್ತಿಲ್ಲ. ಪತ್ರಿಕೆ ನಡೆಸಿದವರು, ಪ್ರೆಸ್ಸಿನವರು, ಅಂಚೆಯವರು ಯಾರಾದರೂ ಇದ್ದರೆ ಹೇಳಿ. ಈ ಲೆಕ್ಕದಲ್ಲಿ ಎಲ್ಲಿ ಕೈ ಹಾಕಬಹುದು? ಅಥವಾ ಕೈಬಿಡಬೇಕಾ?

ಉತ್ತರ: ಹುಬ್ಬಳ್ಳಿಯ ಪ್ರೆಸ್ಸಿನವ

ಅಕ್ಕಾರ, ನಮಸ್ಕಾರ. ನಾನು 31 ವರ್ಷದಿಂದ ಅಚ್ಚಿನ ಕೆಲಸದಲ್ಲಿದ್ದೇನೆ. ನಿಮ್ಮಂಥ ನಾಲ್ಕು ಪತ್ರಿಕೆ ನನ್ನ ಮಷಿನ್ ಮೇಲೆ ಓಡಿವೆ. ಈಗ ಒಂದೇ ಉಳಿದಿದೆ.

ಮೊದಲು ಒಂದು ಮಾತು. 36,700ನ್ನು 450ರಿಂದ ಭಾಗಿಸಿ. ಪ್ರತಿಗೆ 81 ರೂಪಾಯಿ ಬಿತ್ತು. ಮುಖಬೆಲೆ 80! ಅಂದರೆ ಅಂಗಡಿಯಲ್ಲಿ ಒಂದು ಪ್ರತಿ ಮಾರಾಟವಾದರೆ 29 ರೂಪಾಯಿ ಲುಕ್ಸಾನು.

ಪ್ರತಿ ಕಡಿಮೆ ಮಾಡಿದರೆ ಖರ್ಚು ಅದೇ ಪ್ರಮಾಣದಲ್ಲಿ ಇಳಿಯುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಆಫ್‌ಸೆಟ್‌ನಲ್ಲಿ ಇಳಿಯುವುದಿಲ್ಲ. ಪ್ಲೇಟಿನ ಖರ್ಚು 100 ಪ್ರತಿಗೂ ಅಷ್ಟೇ, 1,000 ಪ್ರತಿಗೂ ಅಷ್ಟೇ. ಮಷಿನ್ ಹೊಂದಿಸುವಾಗ ಹಾಳಾಗುವ ಕಾಗದವೂ ಅಷ್ಟೇ. ಇಳಿಯುವುದು ಫಾರಂ, ಅಂದರೆ ಹಲವು ಪುಟ ಒಟ್ಟಿಗೆ ಅಚ್ಚಾಗುವ ದೊಡ್ಡ ಹಾಳೆ, ಕಡಿಮೆ ಮಾಡಿದಾಗ. ನಿಮ್ಮದು 96 ಪುಟ, ಅಂದರೆ 16 ಪುಟದ ಆರು ಫಾರಂ. ಅದನ್ನು ನಾಲ್ಕು ಮಾಡಿ, 64 ಪುಟ. ಆಗ ಅಂಟು ಬೈಂಡಿಂಗ್ ಬೇಡ, ಮಧ್ಯದಲ್ಲಿ ಎರಡು ಪಿನ್ ಸಾಕು. 300 ಪ್ರತಿಗಿಂತ ಕೆಳಗೆ ಬಂದರೆ ಡಿಜಿಟಲ್ ಪ್ರಿಂಟಿನ ರೇಟೂ ಕೇಳಿ ನೋಡಿ, ಅಲ್ಲಿ ಪ್ಲೇಟೇ ಇಲ್ಲ.

64 ಪುಟಕ್ಕೆ ಇನ್ನೊಂದು ಲಾಭ ಇದೆ. ಈಗಿನ ನಿಮ್ಮ ಪ್ರತಿ ಕವರ್ ಸೇರಿ 120 ಗ್ರಾಂ ದಾಟುತ್ತಿರಬೇಕು. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್ಲಿತೊ ಕಾಗದದಲ್ಲಿ 64 ಪುಟ, ಮೇಲೆ ಆರ್ಟ್ ಕಾರ್ಡಿನ ರಕ್ಷಾಪುಟ, ತೆಳು ಕವರು ಎಲ್ಲ ಸೇರಿ 100 ಗ್ರಾಂ ಒಳಗೆ ಕೂರುತ್ತದೆ. ಅಂಚೆ ದರ ತೂಕದ ಹಂತದ ಮೇಲೆ ಏರುವುದರಿಂದ ಅಲ್ಲೂ ಉಳಿಯುತ್ತದೆ. ಪುಟ ಗಟ್ಟಿ ಮಾಡುವ ಮೊದಲು ನಿಮ್ಮ ಪ್ರೆಸ್ಸಿನವರಿಂದ ಅದೇ ಕಾಗದದ ಖಾಲಿ ಡಮ್ಮಿ ಮಾಡಿಸಿ ತಕ್ಕಡಿಗೆ ಹಾಕಿ. ಚಿನ್ನದಂಗಡಿಯ ತಕ್ಕಡಿ ಆದರೆ ಇನ್ನೂ ಒಳ್ಳೆಯದು.

ಜಿಎಸ್‌ಟಿ ಬಗ್ಗೆಯೂ ತಿಳಿದಿರಲಿ. ಪತ್ರಿಕೆಯ ಮಾರಾಟಕ್ಕೆ ತೆರಿಗೆ ಇಲ್ಲ. ಕಾಗದಕ್ಕೆ ಇದೆ. ಮಾರಾಟಕ್ಕೆ ತೆರಿಗೆ ಇಲ್ಲದ್ದರಿಂದ ಕಾಗದಕ್ಕೆ ಕಟ್ಟಿದ್ದನ್ನು ವಾಪಸ್ ಪಡೆಯುವ ದಾರಿ ನಿಮಗಿಲ್ಲ. ಅದು ಖರ್ಚಿನಲ್ಲೇ ಸೇರಿಹೋಗುತ್ತದೆ. ಆದ್ದರಿಂದ ದೊಡ್ಡ ಕೆಲಸದಲ್ಲಿ ಮಿಕ್ಕ ಕಾಗದ ಇದೆಯಾ ಅಂತ ಕೇಳಿ, ರೀಮಿನ ರೇಟಿನಲ್ಲಿ ಬಿಡುತ್ತಾರೆ. ನವೆಂಬರ್, ಡಿಸೆಂಬರ್ ನಮಗೆ ಕ್ಯಾಲೆಂಡರ್, ಡೈರಿಯ ಸುಗ್ಗಿ. ಆ ಎರಡು ತಿಂಗಳಲ್ಲಿ ಸಂಚಿಕೆ ತರಬೇಡಿ. ಸಣ್ಣ ಕೆಲಸ ಹಿಂದೆ ಬೀಳುತ್ತದೆ, ರೇಟೂ ಬಿಗಿ.

ಡಿಟಿಪಿ 40 ರೂಪಾಯಿ ಕೊಡುತ್ತಿರುವುದು ಕೈಬರಹ ನೋಡಿ ಟೈಪ್ ಮಾಡುವುದಕ್ಕೆ. ಬರೆಯುವವರಿಂದ ಯೂನಿಕೋಡ್‌ನಲ್ಲೇ ತರಿಸಿ. ಬರೀ ಪುಟ ಕಟ್ಟುವುದಕ್ಕೆ ಅದರ ಅರ್ಧ ಸಾಕು. ಕೈಯಲ್ಲೇ ಬರೆಯುವ ಹಿರಿಯರು ಇರುತ್ತಾರೆ, ಅವರದ್ದನ್ನು ನೀವೇ ಟೈಪ್ ಮಾಡಿ. ಪ್ರೂಫ್ ಮಾತ್ರ ಎರಡು ಸುತ್ತು ನೋಡಲೇಬೇಕು. ಅದರಲ್ಲಿ ಉಳಿತಾಯ ಬೇಡ.

ಉತ್ತರ: ನಿವೃತ್ತ ಅಂಚೆ ನೌಕರ, ಸಾಗರ

ತಂಗೀ, ನಿಮ್ಮ ತಂದೆಯವರ ಪತ್ರಿಕೆ ಯಾವುದು ಅಂತ ಅಂದಾಜು ಸಿಕ್ಕಿತು. ಅದರ ಕಟ್ಟುಗಳನ್ನು ನಾನು ವಿಂಗಡಿಸಿದ್ದೇನೆ. ಅಕ್ಷರ ದುಂಡಗೆ, ಪಿನ್‌ಕೋಡ್ ತಪ್ಪದೆ ಇರುತ್ತಿತ್ತು. ಹೆಸರು ನಾನೂ ಹೇಳುವುದಿಲ್ಲ.

ಇಲ್ಲಿ ಯಾರಾದರೂ "ನೋಂದಾಯಿತ ಪತ್ರಿಕೆಗೆ ಅಂಚೆ ರಿಯಾಯಿತಿ ಇದೆಯಲ್ಲ" ಅನ್ನಬಹುದು. ಇದೆ. ನಾನು ಕೌಂಟರ್‌ನಲ್ಲಿದ್ದಾಗ 50 ಗ್ರಾಂವರೆಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ. ಕೇಳಿದರೆ ನಂಬಲಾಗದಷ್ಟು ಕಡಿಮೆ, ಅಲ್ವಾ? ಆದರೆ ಅದು ನಿಮಗೆ ಸಿಗುತ್ತಿರಲಿಲ್ಲ. 1898ರ ಅಂಚೆ ಕಾಯ್ದೆಯ 9ನೇ ಕಲಂನಲ್ಲೇ ಬರೆದಿತ್ತು: ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು, ನಿಜವಾದ ಚಂದಾದಾರರ ಪಟ್ಟಿ ಇರಬೇಕು. ದಿನಪತ್ರಿಕೆ, ವಾರಪತ್ರಿಕೆ, ಮಾಸಪತ್ರಿಕೆಗೆ ಸರಿ. ಮೂರು ತಿಂಗಳಿಗೊಮ್ಮೆ ಬರುವುದು ಆ ಬಾಗಿಲಿನ ಹೊರಗೇ ನಿಲ್ಲುತ್ತದೆ. ಕನ್ನಡದ ಗಂಭೀರ ಸಾಹಿತ್ಯ ಪತ್ರಿಕೆಗಳಲ್ಲಿ ಎಷ್ಟೋ ತ್ರೈಮಾಸಿಕಗಳೇ. ಕಡಿಮೆ ದುಡ್ಡಿನವರಿಗೇ ಜಾಸ್ತಿ ದರ ಬಿದ್ದಿದ್ದು ಹೀಗೆ. ರಿಯಾಯಿತಿಗೋಸ್ಕರ ಮಾಸಿಕ ಮಾಡಲು ಹೋಗಬೇಡಿ. ಅಂಚೆಯಲ್ಲಿ ಉಳಿಸಿದ್ದರ ಹತ್ತು ಪಟ್ಟು ಅಚ್ಚಿಗೆ ಹೋಗುತ್ತದೆ. ಅಂಥವರ ಕಟ್ಟುಗಳು ತಿಂಗಳಿಂದ ತಿಂಗಳಿಗೆ ತೆಳುವಾಗಿ ಕೊನೆಗೆ ಬರದೇ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನಲ್ಲಿ ಸೇರಿತು. ಸ್ಪೀಡ್ ಪೋಸ್ಟಿನಲ್ಲಿ ನಿಮ್ಮ ಒಂದು ಪ್ರತಿ ಬೆಂಗಳೂರಿಗೆ ಹೋಗಲು 50 ರೂಪಾಯಿ ದಾಟುತ್ತದೆ. ನಾಲ್ಕು ಸಂಚಿಕೆಗೆ ಲೆಕ್ಕ ಹಾಕಿದರೆ ಚಂದಾದ ಬಹುಪಾಲು ಅಂಚೆಗೇ ಹೋಯಿತು. 2025ರ ಮೇ 1ರಂದು ಜ್ಞಾನ ಪೋಸ್ಟ್ ಅಂತ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100. ಅದು ಪುಸ್ತಕಗಳಿಗೆ. ಒಳಗೆ ಜಾಹೀರಾತು ಇದ್ದರೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಹಿಂಬದಿಯ ಅಡಿಕೆ ವ್ಯಾಪಾರಿಗಳ ಜಾಹೀರಾತು ಅಲ್ಲಿ ಅಡ್ಡ ಬರುತ್ತದೆ. ಸಾದಾ ಅಂಚೆಯಲ್ಲೇ ಕಳಿಸಿ, ಕಳೆದುಹೋದದ್ದನ್ನು ಕೇಳಿದವರಿಗೆ ಮಾತ್ರ ಮತ್ತೆ ಕಳಿಸಿ.

ಈಗ ನನ್ನ ಸಲಹೆ. ಆ 163 ಜನರಿಗೆ ಕಾರ್ಡು ಬರೆಯಿರಿ. ಜವಾಬಿ ಕಾರ್ಡು ಅಂತ ಇದೆ, ಎರಡು ಕಾರ್ಡು ಜೋಡಿಯಾಗಿ ಒಂದು ರೂಪಾಯಿ. ಒಂದರಲ್ಲಿ ನೀವು ಬರೆಯುತ್ತೀರಿ, ಇನ್ನೊಂದರಲ್ಲಿ ಅವರು ಉತ್ತರ ಬರೆದು ಡಬ್ಬಿಗೆ ಹಾಕುತ್ತಾರೆ. ಶಿರಸಿಯ ದೊಡ್ಡ ಅಂಚೆ ಕಚೇರಿಯಲ್ಲಿ ಮೊದಲೇ ಹೇಳಿಡಿ, ತರಿಸಿಕೊಡುತ್ತಾರೆ. ಕೈಬರಹದಲ್ಲೇ ಬರೆಯಿರಿ. ಅಚ್ಚು ಹಾಕಿಸಿದ ಕಾರ್ಡಿಗೆ ದರ 6 ರೂಪಾಯಿ. ಮೂರೇ ಪ್ರಶ್ನೆ ಕೇಳಿ: ಪತ್ರಿಕೆ ತಲುಪುತ್ತಿದೆಯಾ? ಓದುತ್ತೀರಾ? ಮುಂದೆ ವಾರ್ಷಿಕ ಚಂದಾ ಕೊಡಲು ಆಗುತ್ತದೆಯಾ? 163 ರೂಪಾಯಿಯಲ್ಲಿ ನಿಮಗೆ ನಿಜ ಗೊತ್ತಾಗುತ್ತದೆ.

ಉತ್ತರ: ಪತ್ರಿಕೆ ನಿಲ್ಲಿಸಿದವ, ಧಾರವಾಡ

ತಂಗಿ, ನಾನೂ ಹನ್ನೊಂದು ವರ್ಷ ಪತ್ರಿಕೆ ನಡೆಸಿ 2016ರಲ್ಲಿ ನಿಲ್ಲಿಸಿದೆ. ನಿಲ್ಲಿಸಿದ್ದಕ್ಕಿಂತ ನಿಲ್ಲಿಸಿದ ರೀತಿಗೆ ಇವತ್ತಿಗೂ ನೊಂದುಕೊಳ್ಳುತ್ತೇನೆ. ಯಾರಿಗೂ ಹೇಳಲಿಲ್ಲ. ಮುಂದಿನ ಸಂಚಿಕೆ ತರಲಿಲ್ಲ, ಅಷ್ಟೇ. ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು "ನಂದು ಎರಡು ಸಂಚಿಕೆ ಬರೋದು ಬಾಕಿ ಐತಿ" ಅಂದಾಗ ತಲೆ ಎತ್ತಲಾಗಲಿಲ್ಲ.

ನಿಮ್ಮ ತಂದೆಯವರ ಲೆಕ್ಕ ಓದಿ ನನ್ನ ಮನಸ್ಸಿಗೆ ಬಂದದ್ದು ಹೇಳುತ್ತೇನೆ. ಮಾಸ್ತಿಯವರು ಸರ್ಕಾರಿ ಕೆಲಸ ಬಿಟ್ಟ ಮೇಲೆ 1944ರಿಂದ ಇಪ್ಪತ್ತು ವರ್ಷ 'ಜೀವನ' ನಡೆಸಿದರು. ಅಡಿಗರು 1962ರಲ್ಲಿ 'ಸಾಕ್ಷಿ' ಶುರು ಮಾಡಿದಾಗ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ನಮ್ಮೂರಲ್ಲಿ 1964ರಲ್ಲಿ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಮೂವರೂ ಸೇರಿ 'ಸಂಕ್ರಮಣ' ಹೊರಡಿಸಿದರು. ಮೂವರೂ ಮೇಷ್ಟ್ರುಗಳೇ. ಅನಂತಮೂರ್ತಿಯವರು 'ರುಜುವಾತು' ತಂದಾಗ ಮೈಸೂರಿನಲ್ಲಿ ಪ್ರಾಧ್ಯಾಪಕರು. ಕನ್ನಡದ ಸಣ್ಣ ಪತ್ರಿಕೆಯ ಅನ್ನ ಬಂದಿರುವುದು ಹೆಚ್ಚಾಗಿ ಸಂಪಾದಕರ ಬೇರೆ ಸಂಬಳದಿಂದ. ನಿಮ್ಮ ಮನೆಯ "ಹಿತೈಷಿ" ಒಬ್ಬರೇ ಅಲ್ಲ, ತಂಗಿ. ಇನ್ನೊಂದು ದಾರಿ, ಬೆನ್ನಿಗೊಂದು ಸಂಸ್ಥೆ. 'ಪ್ರಬುದ್ಧ ಕರ್ನಾಟಕ' 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಶುರುವಾಯಿತು, ಮುಂದೆ ಮೈಸೂರು ವಿಶ್ವವಿದ್ಯಾಲಯ ನಡೆಸಿತು. ಹೆಗ್ಗೋಡಿನ 'ಮಾತುಕತೆ'ಗೆ ನೀನಾಸಂ ಇದೆ, 'ಹೊಸತು'ವಿಗೆ ನವಕರ್ನಾಟಕ ಪ್ರಕಾಶನ ಇತ್ತು. ವಿವೇಕ ಶಾನಭಾಗರ 'ದೇಶಕಾಲ' 2005ರಲ್ಲಿ ಶುರುವಾಗಿ ಏಳು ವರ್ಷ ಬಂತು. ಅದು ನಿಂತಿತು ಅಂತ ಯಾರೂ ಅದನ್ನು ಸೋಲು ಅನ್ನುವುದಿಲ್ಲ. ಇವತ್ತಿಗೂ ಅದರ ಹಳೇ ಸಂಚಿಕೆ ಹುಡುಕುವವರಿದ್ದಾರೆ.

ನಿಮ್ಮ ಲೆಕ್ಕದಲ್ಲಿ ತೂತು ಇರುವುದು ಆಜೀವ ಚಂದಾದಲ್ಲಿ. 163 ಜನ, ನಾಲ್ಕು ಸಂಚಿಕೆ, 652 ಪ್ರತಿ. 81ರಂತೆ 52,812 ರೂಪಾಯಿ. ಕೊರತೆ 70,760 ಅಂದಿರಲ್ಲ, ಅದರ ಮುಕ್ಕಾಲು ಪಾಲು ಇಲ್ಲೇ ಇದೆ. ಇದೇ ತಪ್ಪು ನಾನೂ ಮಾಡಿದ್ದೆ. ಆಜೀವ ಚಂದಾ ಅಂದರೆ ಸಾಲ. ಬಂದ ದಿನ ಆದಾಯದ ಹಾಗೆ ಕಾಣುತ್ತದೆ. ಅಂಚೆಯಣ್ಣನ ಕಾರ್ಡಿನ ಮಾತು ನೂರಕ್ಕೆ ನೂರು ಸರಿ. ಸಾವಿರ ಕೊಟ್ಟವರು ಹದಿನೈದು, ಇಪ್ಪತ್ತು ವರ್ಷ ಪತ್ರಿಕೆ ಪಡೆದಿದ್ದಾರೆ. ಅವರನ್ನು ಕೇಳಲು ಸಂಕೋಚ ಬೇಡ.

ಮತ್ತೆ ಇದನ್ನು ಮರೆಯಬೇಡಿ. 84ನೇ ಸಂಚಿಕೆಯಲ್ಲಿ ಪ್ರಕಾಶಕರು ಅಂತ ತಂದೆಯವರ ಹೆಸರೇ ಹಾಕಿ ಅಚ್ಚು ಮಾಡಿಸಬೇಡಿ. 1867ರ ಹಳೇ ಪತ್ರಿಕಾ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಪ್ರಕಾಶಕರು ಬದಲಾದದ್ದನ್ನು ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ದಾಖಲು ಮಾಡಿಸಬೇಕು. ಮರಣ ಪ್ರಮಾಣಪತ್ರ, ನಿಮ್ಮ ತಾಯಿಯವರ ಒಪ್ಪಿಗೆ ಪತ್ರ ರೆಡಿ ಇಟ್ಟುಕೊಳ್ಳಿ.

ನಿಲ್ಲಿಸುವುದೇ ಆದರೆ ಒಂದು ಸಂಚಿಕೆ ತಂದು, ಅದರಲ್ಲೇ ಹೇಳಿ ನಿಲ್ಲಿಸಿ. ಬಾಕಿ ಚಂದಾ ವಾಪಸ್ ಕೊಡಿ.

ಉತ್ತರ: ನ್ಯೂಜೆರ್ಸಿಯ ಓದುಗ

ನಮ್ಮೂರು ಸಿದ್ದಾಪುರ. 26 ವರ್ಷದಿಂದ ಇಲ್ಲಿದ್ದೇನೆ. ನಿಮ್ಮ ಬರಹ ಓದಿದ ಕೂಡಲೇ ಒಂದು ವರ್ಷದ ಕೊರತೆ ನಾನೇ ತುಂಬುತ್ತೇನೆ ಅಂತ ಬರೆಯಲು ಕೂತೆ. ಆಮೇಲೆ ಆಡಿಟರ್ ಆಗಿರುವ ತಮ್ಮನಿಗೆ ಫೋನ್ ಮಾಡಿದೆ. ಅವನು ತಡೆದ. ನಾನೀಗ ಅಮೆರಿಕದ ಪ್ರಜೆ. ನನ್ನ ದೇಣಿಗೆ ವಿದೇಶಿ ದೇಣಿಗೆಯಾಗುತ್ತದೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 3ನೇ ಕಲಂ ಪ್ರಕಾರ ನೋಂದಾಯಿತ ಪತ್ರಿಕೆಯ ಸಂಪಾದಕರು, ಮಾಲೀಕರು, ಮುದ್ರಕರು, ಪ್ರಕಾಶಕರು ಅದನ್ನು ತೆಗೆದುಕೊಳ್ಳುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಟ್ಟರೆ ಆ ತೊಡಕಿಲ್ಲ. ಚಂದಾ ಕೂಡ ಬೇರೆ ವಿಷಯ, ಅದು ಕೊಂಡ ಸರಕಿನ ಬೆಲೆ. ಹಾಗಾಗಿ ದೇಣಿಗೆ ಬೇಡ, ಹತ್ತು ಚಂದಾ ಕೊಳ್ಳುತ್ತೇನೆ. ಪ್ರತಿಗಳನ್ನು ನಾನು ಹೇಳಿದ ಹತ್ತು ಹೈಸ್ಕೂಲಿಗೆ ಕಳಿಸಿ. ಯಾರೇ ಹೊರಗಿನಿಂದ ದುಡ್ಡು ಕಳಿಸುತ್ತೇವೆ ಅಂದರೂ ಮೊದಲು ನಿಮ್ಮ ಆಡಿಟರನ್ನು ಕೇಳಿ.

ಇಲ್ಲಿನ ಒಂದು ಸಂಗತಿ ಹೇಳಲೇಬೇಕು. ಶಿಕಾಗೋದಲ್ಲಿ 1912ರಲ್ಲಿ ಹ್ಯಾರಿಯೆಟ್ ಮನ್ರೋ ಅನ್ನುವ ಮಹಿಳೆ 'ಪೊಯೆಟ್ರಿ' ಪತ್ರಿಕೆ ಶುರು ಮಾಡಿದರು. ಮೊದಲ ಸಂಚಿಕೆಗೆ ಮುಂಚೆಯೇ ಊರಿನ ನೂರು ಜನರ ಹತ್ತಿರ ಹೋಗಿ, ವರ್ಷಕ್ಕೆ 50 ಡಾಲರಿನಂತೆ ಐದು ವರ್ಷ ಕೊಡುತ್ತೇವೆ ಅಂತ ಮಾತು ತೆಗೆದುಕೊಂಡರು. ಐದು ವರ್ಷ ಅಂತ ಗಡುವು ಇಟ್ಟಿದ್ದು ನನಗೆ ಹಿಡಿಸಿತು. ಆ ಪತ್ರಿಕೆ ಈಗಲೂ ಬರುತ್ತಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೇರಿಸಿ ಇಪ್ಪತ್ತು ಜನ, ಮೂರು ವರ್ಷಕ್ಕೆ ಅಂತ ಕೇಳಿ ನೋಡಿ. ಆಜೀವ ಅನ್ನುವ ಪದವೇ ಬೇಡ.

ಉತ್ತರ: ಯಲ್ಲಾಪುರದ ಟೀಚರ್

ಅಕ್ಕಾ, ನನಗೆ ಲೆಕ್ಕ ಹೇಳಲು ಗೊತ್ತಿಲ್ಲ. 2014ರಲ್ಲಿ ನಾನು ಡಿ.ಎಡ್. ಓದುವಾಗ ಒಂದು ಕತೆ ಕಳಿಸಿದ್ದೆ. ಮೇಷ್ಟ್ರು ವಾಪಸ್ ಕಳಿಸಿದರು. ಜೊತೆಗೆ ಒಂದು ಕಾರ್ಡು. "ಅಜ್ಜಿ ಬಾವಿಕಟ್ಟೆಯಲ್ಲಿ ಕೂತ ಮೇಲೆ ನಿನ್ನ ಕತೆ ಶುರುವಾಗುತ್ತದೆ, ಅದಕ್ಕೂ ಮುಂಚಿನ ನಾಲ್ಕು ಪುಟ ತೆಗೆ" ಅಂತ ಬರೆದಿದ್ದರು. ತೆಗೆದು ಕಳಿಸಿದೆ. ಅಚ್ಚಾಯಿತು. ಅವತ್ತಿನಿಂದ ಇವತ್ತಿನವರೆಗೆ ನಾನು ಚಂದಾ ಕಟ್ಟಿಲ್ಲ ಅಂತ ನಿಮ್ಮ ಪ್ರಶ್ನೆ ಓದುವಾಗ ಹೊಳೆಯಿತು. ಬರೆದವರಿಗೆ ಬರುವ ಗೌರವ ಪ್ರತಿ ತೆಗೆದುಕೊಂಡು ಸುಮ್ನೆ ಇದ್ದುಬಿಟ್ಟೆ. ಇವತ್ತು 300 ಕಳಿಸುತ್ತೇನೆ. ನನ್ನ ಹಾಗೆ ಅಲ್ಲಿ ಬರೆದವರ ಪಟ್ಟಿ ಮಾಡಿ, ಅಕ್ಕಾ. 83 ಸಂಚಿಕೆಯಲ್ಲಿ ಎಷ್ಟು ಜನ ಬರೆದಿರಬಹುದು! ಕೈಬರಹದ್ದನ್ನು ಟೈಪ್ ಮಾಡುವ ಕೆಲಸ ನನಗೆ ಕೊಡಿ.

ಪ್ರಶ್ನೆ ಕೇಳಿದವಳು, ಆರು ವಾರದ ನಂತರ

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು. ಕಾರ್ಡು ಬರೆಯುತ್ತಿದ್ದೆವು.

163 ಜವಾಬಿ ಕಾರ್ಡು ಶಿರಸಿಯಲ್ಲಿ ಒಮ್ಮೆಲೇ ಸಿಗಲಿಲ್ಲ, ಮೂರು ಕಂತಿನಲ್ಲಿ ಬಂದವು. ಆಯಿ, ನಾನು, ಮಗ ಮೂವರೂ ರಾತ್ರಿ ಊಟ ಆದ ಮೇಲೆ ಕೂತು ಬರೆದೆವು. ಅಪ್ಪಯ್ಯ ಹೋದದ್ದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ, ಹಾಗಾಗಿ ಮೊದಲ ಸಾಲು ಅದೇ ಬರೆಯಬೇಕಾಯಿತು. ಆ ಸಾಲನ್ನು ಆಯಿ ತಾನೇ ಬರೆಯುತ್ತೇನೆ ಅಂದಳು. 163 ಸಲ ಬರೆದಳು.

ಇವತ್ತಿನವರೆಗೆ 84 ಉತ್ತರ ಬಂದಿವೆ. 31 ಜನ ಇನ್ನು ಕಳಿಸಬೇಡಿ ಅಂದಿದ್ದಾರೆ. ಹೆಚ್ಚಿನವರಿಗೆ ಕಣ್ಣು ಕಾಣುವುದಿಲ್ಲ. ಕೆಲವು ಕಡೆ ಮಕ್ಕಳು ಬರೆದಿದ್ದಾರೆ. ಗೋಕಾಕದಿಂದ ಒಬ್ಬರು, "ಅಪ್ಪ ಹೋಗಿ ಆರು ವರ್ಷ ಆಯಿತು, ಅವರ ಹೆಸರಿನ ಟಪಾಲು ಇದೊಂದೇ ಬರುತ್ತಿತ್ತು, ಅದಕ್ಕೇ ತಿಳಿಸಿರಲಿಲ್ಲ, ಕ್ಷಮಿಸಿ" ಅಂತ ಬರೆದಿದ್ದಾರೆ. 37 ಜನ ಮುಂದೆ ಪ್ರತಿ ವರ್ಷ ಚಂದಾ ಕೊಡಲು ಒಪ್ಪಿದ್ದಾರೆ. 16 ಜನ ಪತ್ರಿಕೆ ಬೇಕು, ಆದರೆ ದುಡ್ಡು ಕೊಡಲಾಗದು ಅಂದಿದ್ದಾರೆ. ಅವರಿಗೆ ಹೋಗುತ್ತದೆ. ಉತ್ತರ ಬಾರದ 79 ಜನಕ್ಕೆ ಇನ್ನೊಂದು ಸಲ ಬರೆಯುತ್ತೇವೆ. ಅಲ್ಲಿಯವರೆಗೆ ಪತ್ರಿಕೆ ಕಳಿಸುವುದಿಲ್ಲ.

ಪ್ರೆಸ್ಸಿನಣ್ಣಾ, ಡಮ್ಮಿ ಮಾಡಿಸಿ ತೂಗಿದೆ. ಕವರ್ ಸೇರಿ 92 ಗ್ರಾಂ. 64 ಪುಟ, 300 ಪ್ರತಿ, ವರ್ಷಕ್ಕೆ ಮೂರು ಸಂಚಿಕೆ ಅಂತ ನಿರ್ಧಾರ ಮಾಡಿದ್ದೇವೆ. ನೀವು ಹೇಳಿದ ಎರಡು ತಿಂಗಳು ಬಿಟ್ಟಿದ್ದೇವೆ. ನಮ್ಮ ಪ್ರೆಸ್ಸಿನವರು ಕೊಟ್ಟ ರೇಟು, ಪುಟ ಕಟ್ಟುವ ಖರ್ಚು, ಅಂಚೆ ಎಲ್ಲ ಸೇರಿ ಸಂಚಿಕೆಗೆ 19,000. ವರ್ಷಕ್ಕೆ 57,000. ಮೂರು ಸಂಚಿಕೆ ಆದ್ದರಿಂದ ಚಂದಾ 250ಕ್ಕೆ ಇಳಿಸಿದ್ದೇನೆ. 148 ಹಳಬರು, 37 ಜನ ಆಜೀವದಿಂದ ಬಂದವರು, 185 ಜನರಿಂದ 46,250. ಹಿಂಬದಿಯ ಜಾಹೀರಾತು 12,000. ಒಟ್ಟು 58,250. ಉಳಿಯುವುದು 1,250. ಹಳಬರೆಲ್ಲ ಮತ್ತೆ ಕಟ್ಟಿದರೆ ಮಾತ್ರ ಇದು, ಅದು ನನಗೆ ಗೊತ್ತು. ನ್ಯೂಜೆರ್ಸಿಯವರ ಹತ್ತು, ಈ ಚರ್ಚೆ ನೋಡಿ ಬಂದ ಇನ್ನು ಹದಿನಾಲ್ಕು ಚಂದಾ ಇದರಲ್ಲಿ ಸೇರಿಸಿಲ್ಲ. ಯಾರಾದರೂ ತಪ್ಪಿದರೆ ಅವು ಆಸರೆಗಿರಲಿ. ಇಪ್ಪತ್ತು ಜನರ ಮೂರು ವರ್ಷದ ಯೋಜನೆಗೆ ಏಳು ಜನ ಹೂಂ ಅಂದಿದ್ದಾರೆ. ಆ ದುಡ್ಡು ಬಂದರೆ ಬರೆದವರಿಗೆ ಸಂಭಾವನೆ ಅಂತ ತಲಾ 200 ರೂಪಾಯಿಯಾದರೂ ಕೊಡಬೇಕು. 22 ವರ್ಷದಲ್ಲಿ ಅದೊಂದು ಆಗಿರಲಿಲ್ಲ.

ಯಲ್ಲಾಪುರದ ತಂಗಿ ಬರೆದವರ ಪಟ್ಟಿ ಮಾಡಿ ಕೊಟ್ಟಿದ್ದಾಳೆ. 412 ಹೆಸರು. ಅದರಲ್ಲಿ ಈಗ ಚಂದಾದಾರರಾಗಿ ಇರುವವರು 58. ಉಳಿದವರಲ್ಲಿ ವಿಳಾಸ ಸಿಕ್ಕವರಿಗೆ ಬರೆಯುವುದು ಮುಂದಿನ ಕೆಲಸ.

ಧಾರವಾಡದ ಸರ್, ಪ್ರಕಾಶಕರ ಬದಲಾವಣೆಗೆ ಆಯಿ ಹೆಸರಲ್ಲಿ ಅರ್ಜಿ ಹಾಕಿದ್ದೇವೆ. ಅದು ಆಗುವವರೆಗೆ ಅಚ್ಚಿಗೆ ಕೊಡುವುದಿಲ್ಲ. ನಿಮ್ಮ ಬಾಕಿ ಎರಡು ಸಂಚಿಕೆಯ ಮಾತು ಓದಿದ ಮೇಲೆ ನಾನು ಒಂದು ತೀರ್ಮಾನ ಮಾಡಿದೆ. ಈ ಸಂಚಿಕೆಯಿಂದ ಕೊನೇ ಪುಟದಲ್ಲಿ ಜಮಾ, ಖರ್ಚು ಪೂರ್ತಿ ಅಚ್ಚು ಹಾಕುತ್ತೇವೆ. ಯಾರೆಷ್ಟು ಕೊಟ್ಟರು, ಯಾವುದಕ್ಕೆ ಎಷ್ಟು ಹೋಯಿತು, ಕೈಯಲ್ಲಿ ಎಷ್ಟಿದೆ. ಕಮ್ಮಿ ಬಿದ್ದರೆ ಕಮ್ಮಿ ಬಿದ್ದಿದೆ ಅಂತಲೇ. 84ರಲ್ಲಿ ಹಳೇ 22 ವರ್ಷದ ಲೆಕ್ಕವೂ ಒಂದು ಪುಟ ಇರುತ್ತದೆ. "ಹಿತೈಷಿಯೊಬ್ಬರಿಂದ" ಅನ್ನುವ ಕಡೆ ಅಪ್ಪಯ್ಯನ ಹೆಸರು ಹಾಕಬಹುದಾ ಅಂತ ಆಯಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕು, ಮೊತ್ತ ಮಾತ್ರ ಬೇಡ" ಅಂದಳು. ಇನ್ನೂ ಅದರ ಬಗ್ಗೆ ನಮ್ಮಿಬ್ಬರ ಮಾತು ಮುಗಿದಿಲ್ಲ.

ಪ್ರೂಫಿನ ಮೊದಲ ಸುತ್ತು ನಿನ್ನೆ ಬಂತು. 41ನೇ ಪುಟದ ಕವಿತೆಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಹಸಿರು ಫೈಲಿನ ಮೂಲ ಪ್ರತಿ ತೆಗೆದು ನೋಡಿದರೆ ಅಪ್ಪಯ್ಯ ಅದೇ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದಾರೆ. ತೆಗೆಯಲು ಎಳೆದದ್ದೋ, ಇಷ್ಟವಾಗಿ ಎಳೆದದ್ದೋ ತಿಳಿಯುತ್ತಿಲ್ಲ. ಬರೆದ ಹುಡುಗ ಅಂಕೋಲಾದವನು. ನಾಳೆ ಬೆಳಿಗ್ಗೆ ಅವನಿಗೆ ಫೋನ್ ಮಾಡಿ ಕೇಳುತ್ತೇನೆ.